ತಾತನ ಲೆಕ್ಕದ ಪುಸ್ತಕದಲ್ಲಿ 60 ಬಟ್ಟಿ: ಗದ್ದೆಯೋ, ಭತ್ತವೋ?

ಪತ್ತಾಯದ ಇಲಿ

ಎಲ್ಲರಿಗೂ ನಮಸ್ಕಾರ. ಹುತ್ತರಿ ಹಬ್ಬಕ್ಕೆ ಮುಂಚೆ ನಮ್ಮ ಕುಟುಂಬದ ಮೂಲ ಮನೆಯಾದ ಐನ್‌ಮನೆಯ ಅಟ್ಟ ಗುಡಿಸುವ ಕೆಲಸ ಈ ಸಲ ನನ್ನ ತಲೆಗೆ ಬಂತು. ಮೂರು ಗೋಣಿ ಕಸ ಹೊರಗೆ ಹಾಕಿದ ಮೇಲೆ ಭತ್ತ ತುಂಬಿಡುವ ಪತ್ತಾಯದ ಹಿಂದೆ ಎರಡು ಹಿತ್ತಾಳೆ ಸೇರು ಸಿಕ್ಕಿತು. ಎರಡೂ ಕಪ್ಪಾಗಿವೆ. ನೋಡಲು ಒಂದೇ ಥರ, ಅವಳಿ ಮಕ್ಕಳ ಹಾಗೆ. ಜೊತೆಗೆ ತಾತನ ಲೆಕ್ಕದ ಪುಸ್ತಕ, 1951ರದ್ದು. ಅರ್ಧ ಗೆದ್ದಲು ತಿಂದಿದೆ, ಉಳಿದರ್ಧ ಚೆನ್ನಾಗಿ ಓದಬಹುದು.

ಮೊದಲ ಪುಟದಲ್ಲೇ ಜಗಳ ಶುರು. ‘ಹೊಳೆ ಕಡೆ ಗದ್ದೆ 60 ಬ.’ ಅಂತ ಬರೆದಿದ್ದಾರೆ. ಬ ಅಂದರೆ ಬಟ್ಟಿ, ನಮ್ಮ ಕೊಡಗಿನ ಹಳೆ ಅಳತೆ, ಅದು ಗೊತ್ತು. ಚಿಕ್ಕಪ್ಪನ ಮಗ ಹೇಳುವುದು, ಅದು ಆ ವರ್ಷ ಬಂದ ಭತ್ತ ಅಂತ. ನಾನು ಹೇಳುವುದು, ಹಾಗಾದರೆ ಹತ್ತು ಪುಟ ಆದ ಮೇಲೆ ಅದೇ ಗದ್ದೆಗೆ ‘ಭತ್ತ 48 ಬ. 22 ಸೇ. ಬಂತು’ ಅಂತ ಯಾಕೆ ಬರೆದರು? ಒಂದೇ ಗದ್ದೆಗೆ ಒಂದೇ ವರ್ಷ ಎರಡು ಲೆಕ್ಕ ಹೇಗೆ? ಮನೆಯಲ್ಲಿ ಕೇಳೋಣ ಅಂದರೆ ಗೊತ್ತಿದ್ದವರು ಯಾರೂ ಉಳಿದಿಲ್ಲ.

ಇನ್ನೊಂದು. ಕೊನೆಯ ಪುಟಗಳಲ್ಲಿ ‘ಮ.ಸೇ.’, ‘ಆ.ಸೇ.’ ಅಂತ ಎರಡು ಕಾಲಂ ಇದೆ. ಇದೇನು?

ಸೋಮವಾರಪೇಟೆ ಸಂತೆ

ಮ.ಸೇ. ಅಂದರೆ ಮನೆ ಸೇರು ಇರಬಹುದು. ಆ.ಸೇ. ಗೊತ್ತಿಲ್ಲ, ಆನೆ ಸೇರು ಅಂತೂ ಅಲ್ಲ 😀

ನಮ್ಮ ಕಡೆ ಬಟ್ಟಿ ಅಂದರೆ ಯಾರಿಗೂ ಅರ್ಥ ಆಗುತ್ತಿರಲಿಲ್ಲ. ನಮ್ಮದು ಮೈಸೂರು ಸೀಮೆ ಅಳತೆ: ನಾಲ್ಕು ಪಾವಿಗೆ ಒಂದು ಸೇರು, ಮೇಲೆ ಕೊಳಗ, 20 ಕೊಳಗಕ್ಕೆ ಒಂದು ಖಂಡುಗ. ಆದರೆ ಕೊಳಗಕ್ಕೆ ಎಷ್ಟು ಸೇರು ಅಂತ ಕೇಳಿದರೆ ಒಬ್ಬರು 8 ಅಂತಾರೆ, ಇನ್ನೊಬ್ಬರು 16 ಅಂತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಮರೆನಾಡು ಮಳೆ

ಇಲಿ ಅಣ್ಣ, ನೀವಿಬ್ಬರೂ ಅರ್ಧ ಸರಿ. ಕೊಡಗಿನಲ್ಲಿ ಬಟ್ಟಿ ಭತ್ತದ ಅಳತೆಯೂ ಹೌದು, ಗದ್ದೆಯ ಅಳತೆಯೂ ಹೌದು. ಒಂದು ಬಟ್ಟಿ ಭತ್ತ ಬೆಳೆಯುವ ಜಾಗಕ್ಕೆ ಒಂದು ಬಟ್ಟಿ ಗದ್ದೆ. ಹಗ್ಗ ಹಿಡಿದು ಅಳೆದದ್ದಲ್ಲ, ಬೆಳೆ ನೋಡಿ ಹೇಳಿದ್ದು.

ಕೊಡಗಿನ ರಾಜ ಲಿಂಗರಾಜೇಂದ್ರನ ಕಾಲದಲ್ಲಿ (1811ರಿಂದ 1820) ಮನೆ ಮನೆಯ ಗದ್ದೆ ಲೆಕ್ಕ ಹಾಕಿ ಶಿಸ್ತು ಅಂತ ಕಂದಾಯದ ದಾಖಲೆ ಬರೆಸಿದರಲ್ಲ, ಅದರ ಲೆಕ್ಕ ಎಲ್ಲ ಬಟ್ಟಿಯಲ್ಲೇ. 1834ರಲ್ಲಿ ರಾಜ್ಯ ಬ್ರಿಟಿಷರ ಕೈಗೆ ಹೋದ ಮೇಲೂ ಕಂದಾಯ ಬಟ್ಟಿ ಲೆಕ್ಕದಲ್ಲೇ ನಡೆಯಿತು. 100 ಬಟ್ಟಿ ಜಮ್ಮಾ (ವಂಶಪಾರಂಪರ್ಯದ ಹಕ್ಕಿನ) ಗದ್ದೆಗೆ 5 ರೂಪಾಯಿ, ಅಷ್ಟೇ ಸಾಗು (ಪೂರ್ತಿ ಕಂದಾಯದ) ಗದ್ದೆಗೆ 10 ರೂಪಾಯಿ. ಜಮ್ಮಾ ಅಂದರೆ ಅರ್ಧ ಕಂದಾಯ ಅಂತ ನಮ್ಮ ಹಿರಿಯರು ಹೇಳುವುದು ಇದನ್ನೇ.

ಹಾಗಾಗಿ ನಿಮ್ಮ ಹೊಳೆ ಕಡೆ ಗದ್ದೆ 60 ಬಟ್ಟಿಯದ್ದು. ಆ ವರ್ಷ ಬಂದದ್ದು 48 ಬಟ್ಟಿ ಚಿಲ್ಲರೆ. ಬೆಳೆ ಕೈ ಕೊಟ್ಟ ವರ್ಷ ಅನ್ನಿಸುತ್ತದೆ.

ಪತ್ತಾಯದ ಇಲಿ

ಅಬ್ಬಾ! ಚಿಕ್ಕಪ್ಪನ ಮಗನಿಗೆ ಈಗಲೇ ಕಳಿಸಿದೆ. ಪಹಣಿ ತೆಗೆದು ನೋಡಿದರೆ ಅದೇ ಗದ್ದೆ 1 ಎಕರೆ 85 ಸೆಂಟ್. ಆದರೆ ಮೇಲಿನ ಬಾಣೆ ಪಕ್ಕದ ಗದ್ದೆ 1 ಎಕರೆ 90 ಸೆಂಟ್ ಇದೆ, ತಾತನ ಪುಸ್ತಕದಲ್ಲಿ ಅದು 45 ಬಟ್ಟಿ ಮಾತ್ರ. ಮೊದಲು ತಪ್ಪು ಬರೆದಿದ್ದಾರೆ ಅಂದುಕೊಂಡಿದ್ದೆ.

ಮರೆನಾಡು ಮಳೆ

ತಪ್ಪಲ್ಲ. ಮೇಲಿನ ಗದ್ದೆಗೆ ನೀರು ಕಡಿಮೆ, ಹೊಳೆ ಕಡೆಯದ್ದಕ್ಕೆ ಮಣ್ಣು ಜಾಸ್ತಿ. ಎಕರೆಗೆ ಅದೆಲ್ಲ ಕಾಣುವುದಿಲ್ಲ, ಬಟ್ಟಿಗೆ ಕಾಣುತ್ತದೆ. ಪಾಲು ಮಾಡುವಾಗ ನಮ್ಮ ಅಜ್ಜ ಎಕರೆ ಲೆಕ್ಕ ಬೇಡ, ಬಟ್ಟಿ ಲೆಕ್ಕದಲ್ಲಿ ಕೊಡಿ ಅಂತ ಹಠ ಹಿಡಿದಿದ್ದರಂತೆ. ಈಗ ಅರ್ಥ ಆಗುತ್ತದೆ ಯಾಕೆ ಅಂತ.

ಗೋಣಿಕೊಪ್ಪದ ಗೋಣಿ

ನಮ್ಮ ಮನೆಯಲ್ಲಿ ಬಟ್ಟಿಗೆ 40 ಸೇರು ಅಂತ ಕೇಳಿ ಬೆಳೆದವನು ನಾನು. ಮರೆನಾಡಿನವರು ಎಷ್ಟು ಅಂತೀರಿ?

ಮರೆನಾಡು ಮಳೆ

80.

ಗೋಣಿಕೊಪ್ಪದ ಗೋಣಿ

ನೋಡಿ ಮತ್ತೆ. ಡಬಲ್!

ಲೆಕ್ಕದ ಮೇಷ್ಟ್ರು

ಜಗಳ ಬೇಡ. ಇಲಿಯವರ ಮನೆಯ ಬಟ್ಟಿ ಎಷ್ಟು ಸೇರಿನದ್ದು ಅಂತ ಅವರ ಪುಸ್ತಕವೇ ಹೇಳುತ್ತದೆ. ‘48 ಬ. 22 ಸೇ.’ ಅಂತ ಚಿಲ್ಲರೆ ಬರೆದಿದ್ದಾರೆ ಅಲ್ವಾ? ಪುಸ್ತಕ ಪೂರ್ತಿ ನೋಡಿ, ಬಟ್ಟಿಯ ಮುಂದೆ ಬರೆದ ಅತಿ ದೊಡ್ಡ ಸೇರಿನ ಸಂಖ್ಯೆ ಯಾವುದು ಅಂತ ಹುಡುಕಿ. 40 ಸೇರಿನ ಬಟ್ಟಿ ಆಗಿದ್ದರೆ ಚಿಲ್ಲರೆ 39 ದಾಟುವುದಿಲ್ಲ. ಗಡಿಯಾರದಲ್ಲಿ ನಿಮಿಷ 59 ದಾಟದ ಹಾಗೆ.

ಇನ್ನೊಂದು ಮಾತು. ಸೇರು ಅಂದರೆ ಪಾತ್ರೆ ಮಾತ್ರ ಅಲ್ಲ, ತುಂಬುವ ಕೈಯೂ ಸೇರಿದ್ದು. ಬಾಯಿಗೆ ಮಟ್ಟ ಮಾಡಿದರೆ ಒಂದು ಲೆಕ್ಕ, ಮೇಲೆ ಗೋಪುರ ಕಟ್ಟಿದರೆ ಇನ್ನೊಂದು. ನಿನ್ನೆ ಸುಮ್ನೆ ಕೂತು ಲೆಕ್ಕ ಹಾಕಿದೆ. ಭತ್ತ ತಾನಾಗಿ ನಿಲ್ಲುವ ಇಳಿಜಾರು ಸುಮಾರು 35 ಡಿಗ್ರಿ. ಒಂದು ಲೀಟರಿನ ಪಾತ್ರೆಯ ಬಾಯಿ 10 ಸೆಂ.ಮೀ. ಅಗಲ ಇದ್ದರೆ ಗೋಪುರದಲ್ಲಿ 90 ಮಿ.ಲೀ. ಜಾಸ್ತಿ ಕೂರುತ್ತದೆ. ಅದೇ ಒಂದು ಲೀಟರು, ಆದರೆ ಬಾಯಿ 14 ಸೆಂ.ಮೀ. ಅಗಲದ ಕುಳ್ಳ ಪಾತ್ರೆ ಆದರೆ ಗೋಪುರವೇ 250 ಮಿ.ಲೀ. ಮೂತಿ ಅಗಲ ಆದಷ್ಟೂ ಕೊಡುವವನಿಗೆ ನಷ್ಟ, ತಗೊಳ್ಳುವವನಿಗೆ ಲಾಭ. ಪಾತ್ರೆ ಆರಿಸುವುದರಲ್ಲೇ ಅರ್ಧ ವ್ಯಾಪಾರ ಮುಗಿಯುತ್ತಿತ್ತು.

ಪತ್ತಾಯದ ಇಲಿ

ಮೇಷ್ಟ್ರೇ, ರಾತ್ರಿ ಹನ್ನೊಂದರವರೆಗೆ ಕೂತು ನೋಡಿದೆ. 31, 54, 68, ಒಂದು ಕಡೆ 76. 80 ಎಲ್ಲೂ ಇಲ್ಲ. ಅಂದರೆ ನಮ್ಮ ಮನೆಯದ್ದು 80 ಸೇರಿನ ಬಟ್ಟಿ. ಗೋಣಿ ಅಣ್ಣ ಬೇಜಾರು ಮಾಡಿಕೊಳ್ಳಬೇಡಿ.

ಗೋಣಿಕೊಪ್ಪದ ಗೋಣಿ

ಬೇಜಾರು ಏನೂ ಇಲ್ಲ. ನಮ್ಮ ಮನೆಯ ಸೇರೇ ದೊಡ್ಡದಿತ್ತು ಅಂದುಕೊಳ್ಳುತ್ತೇನೆ!

ಸಂಪಾಜೆ ಘಾಟಿ

ಘಾಟಿ ಇಳಿದರೆ ಈ ಬಟ್ಟಿ ಪಟ್ಟಿ ಎಲ್ಲ ಮರೆತುಬಿಡಿ. ನಮ್ಮ ಕಡೆ ಮುಡಿ. ಬೈಹುಲ್ಲಿನಲ್ಲಿ ಅಕ್ಕಿ ಕಟ್ಟಿ, ಹುಲ್ಲಿನ ಹಗ್ಗ ಸುತ್ತಿ, ಬಡಿದು ಬಡಿದು ಉಂಡೆ ಮಾಡಿದ ಮುಡಿ. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಒಟ್ಟು 42 ಸೇರು. ಅಳತೆ, ಚೀಲ, ಗೋದಾಮು ಮೂರೂ ಒಂದರಲ್ಲೇ. ನಮ್ಮಲ್ಲೂ ‘ಎರಡು ಮುಡಿ ಗದ್ದೆ’ ಅಂತ ಹೇಳುವುದುಂಟು, ಆದರೆ ಅದು ಬಿತ್ತುವ ಬೀಜದ ಲೆಕ್ಕ. ನಿಮ್ಮದು ಬರುವ ಬೆಳೆಯ ಲೆಕ್ಕ. ಮೇಲಿನವರು ಆಸೆಬುರುಕರು, ಕೆಳಗಿನವರು ಹುಷಾರು ಜನ 😄

ಕುಟ್ಟದ ಗಡಿ

ನಮ್ಮ ಕಡೆ ವಯನಾಡಿನ ಲೆಕ್ಕ. ನಾಲ್ಕು ನಾಳಿಗೆ ಒಂದು ಇಡಂಗಳಿ, 10 ಇಡಂಗಳಿಗೆ ಒಂದು ಪರೆ. ಅಲ್ಲಿಯ ದೇವಸ್ಥಾನಗಳಲ್ಲಿ ಭತ್ತ ತುಂಬಿದ ಪರೆ ಇವತ್ತಿಗೂ ಇಡುತ್ತಾರೆ. ಒಂದೇ ಜಿಲ್ಲೆ, ಮೂರು ದಿಕ್ಕಿಗೆ ಮೂರು ಅಳತೆ. ಸಂತೆಯಲ್ಲಿ ಹೇಗೆ ಸಂಭಾಳಿಸುತ್ತಿದ್ದರೋ!

ಸೋಮವಾರಪೇಟೆ ಸಂತೆ

ಸಂತೆಯಲ್ಲಿ ಇನ್ನೂ ಮಜಾ ಇತ್ತು. ಸೇರು ಅಂದರೆ ಅಳತೆಯ ಸೇರು ಬೇರೆ, ತೂಕದ ಸೇರು ಬೇರೆ. ತೂಕದಲ್ಲೂ ಕಚ್ಚಾ ಸೇರು 24 ತೊಲ, ಅಂದರೆ 280 ಗ್ರಾಂ. ಪಕ್ಕಾ ಸೇರು 80 ತೊಲ, 933 ಗ್ರಾಂ. 40 ಸೇರಿಗೆ ಒಂದು ಮಣ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಕಚ್ಚಾ ಮಣ 11 ಕೇಜಿ ಚಿಲ್ಲರೆ, ಪಕ್ಕಾ ಮಣ 37 ಕೇಜಿ ಚಿಲ್ಲರೆ. ಬೆಲ್ಲ ಒಂದರಲ್ಲಿ, ಮೆಣಸು ಇನ್ನೊಂದರಲ್ಲಿ.

ಯಾವ ಸೇರು ಅಂತ ಕೇಳದೆ ಬೆಲೆ ಕೇಳಿದವನು ಕೆಟ್ಟ.

ಪಾಪುಟ್ಟು ಪ್ರಿಯೆ

ಗಂಡಸರೆಲ್ಲ ಗದ್ದೆ ಕಂದಾಯ ಅಂತ ಮಾತಾಡುತ್ತಿದ್ದೀರಿ, ಅಳತೆ ಇನ್ನೂ ಬದುಕಿರುವುದು ಅಡುಗೆ ಮನೆಯಲ್ಲಿ. ನನ್ನ ಅತ್ತೆ ಹಬೆಯಲ್ಲಿ ಬೇಯಿಸುವ ಪಾಪುಟ್ಟಿಗೆ ಅಕ್ಕಿ ತರಿ ಅಳೆಯುವುದು ಇವತ್ತಿಗೂ ಪಾವಿನಲ್ಲೇ. ಹಾಲು, ತೆಂಗಿನಕಾಯಿ ಎಲ್ಲ ಆ ಪಾವಿಗೆ ತಕ್ಕ ಹಾಗೆ. ಮದುವೆಯಾದ ಹೊಸತರಲ್ಲಿ ನಾನು ಮಡಿಕೇರಿಯಿಂದ ಅಳತೆ ಕಪ್ಪು ತಂದು, ಗ್ರಾಂ ಲೆಕ್ಕದಲ್ಲಿ ಮಾಡಿ, ಗಂಜಿಯಂಥ ಪಾಪುಟ್ಟು ಬಡಿಸಿದ್ದೆ. ಅತ್ತೆ ಒಂದು ಮಾತೂ ಆಡಲಿಲ್ಲ. ಮರುದಿನ ಒಲೆ ಪಕ್ಕ ಪಾವು ಇಟ್ಟಿದ್ದರು, ಅಷ್ಟೇ.

ನಮ್ಮತ್ತೆಯ ಇನ್ನೊಂದು ಲೆಕ್ಕ: ಎರಡು ಸೇರು ಭತ್ತ ಕುಟ್ಟಿದರೆ ಒಂದು ಸೇರು ಅಕ್ಕಿ.

ಲೆಕ್ಕದ ಮೇಷ್ಟ್ರು

ನಿಮ್ಮತ್ತೆಗೆ ನಮಸ್ಕಾರ ಹೇಳಿ, ಲೆಕ್ಕ ಸರಿ ಇದೆ. 100 ಲೀಟರ್ ಭತ್ತ ಸುಮಾರು 57 ಕೇಜಿ ತೂಗುತ್ತದೆ. ಮಿಲ್ಲಿನಲ್ಲಿ ನೂರಕ್ಕೆ 65 ಅಕ್ಕಿ ಬಂದರೆ 37 ಕೇಜಿ. ಒಂದು ಲೀಟರ್ ಅಕ್ಕಿ ಸುಮಾರು 800 ಗ್ರಾಂ. ಹಾಗಾದರೆ 46 ಲೀಟರ್. ಹೆಚ್ಚು ಕಡಿಮೆ ಅರ್ಧ.

ಲೈನ್‌ಮನೆ ಮೊಮ್ಮಗಳು

ಎರಡು ದಿನದಿಂದ ಓದುತ್ತಿದ್ದೇನೆ. ಬರೆಯಲೋ ಬೇಡವೋ ಅಂತ ಇದ್ದೆ.

ಇಲಿಯವರೇ, ಆ.ಸೇ. ಅಂದರೆ ಆಳು ಸೇರು. ಯಾರೂ ಹೇಳಲಿಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ. ನನ್ನ ಅಜ್ಜಿ ನಿಮ್ಮ ಮನೆಯಲ್ಲಲ್ಲ, ಬೇರೆ ಕಡೆ ಗದ್ದೆ ಕೆಲಸ ಮಾಡಿದವರು. ನಾಟಿ, ಕಳೆ, ಕೊಯ್ಲು. ಕೂಲಿ ದುಡ್ಡಲ್ಲ, ಭತ್ತ. ಸಂಜೆ ಕಣದ ಹತ್ತಿರ ಸಾಲಾಗಿ ನಿಂತು ಸೆರಗು ಒಡ್ಡಬೇಕಿತ್ತು. ಅಜ್ಜಿ ಹೇಳುತ್ತಿದ್ದರು, ‘ಭತ್ತ ಒಳಗೆ ಹೋಗುವಾಗ ಒಂದು ಸೇರು, ಹೊರಗೆ ಬರುವಾಗ ಇನ್ನೊಂದು ಸೇರು.’ ನಾವು ಅದನ್ನು ಒಗಟು ಅಂದುಕೊಂಡು ನಗುತ್ತಿದ್ದೆವು.

ನಿಮ್ಮ ಹತ್ತಿರ ಎರಡು ಸೇರು ಇದೆ ಅಂತ ಬರೆದಿದ್ದೀರಿ. ಎರಡಕ್ಕೂ ನೀರು ತುಂಬಿ ಅಳೆದು ನೋಡುತ್ತೀರಾ?

ಗೋಣಿಕೊಪ್ಪದ ಗೋಣಿ

ಅಕ್ಕ, ಎಲ್ಲ ಮನೆಯೂ ಹಾಗಿರಲಿಲ್ಲ. ನಮ್ಮ ಮನೆಯಲ್ಲಿ ಆಳುಗಳಿಗೆ ಗೋಪುರ ಕಟ್ಟಿಯೇ ಕೊಡುತ್ತಿದ್ದರು. ಹುತ್ತರಿಗೆ ಬೇರೆ ಕೊಡುತ್ತಿದ್ದರು.

ಲೈನ್‌ಮನೆ ಮೊಮ್ಮಗಳು

ಇರಬಹುದು ಅಣ್ಣ. ಗೋಪುರ ಯಾವ ಸೇರಿನ ಮೇಲೆ ಅಂತ ಮಾತ್ರ ನನ್ನ ಪ್ರಶ್ನೆ.

ಪತ್ತಾಯದ ಇಲಿ

ಅಳೆದೆ. ಔಷಧ ಸಿಂಪಡಿಸಲು ಇಟ್ಟಿದ್ದ ಗೆರೆ ಇರುವ ಹೊಸ ಜಗ್ಗು ತಗೊಂಡು, ಒಂದೊಂದಕ್ಕೆ ಮೂರು ಸಲ. ಹೊರಗಿನಿಂದ ಎರಡೂ ಒಂದೇ ಎತ್ತರ, ಬಾಯಿ ಎರಡಕ್ಕೂ 10 ಸೆಂ.ಮೀ. ಒಂದರಲ್ಲಿ 1060 ಮಿ.ಲೀ. ಹಿಡಿಯಿತು. ಇನ್ನೊಂದರಲ್ಲಿ 920.

ನಾನು ಇನ್ನೂ ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಲೆಕ್ಕದ ಮೇಷ್ಟ್ರು

ನೂರಕ್ಕೆ 13 ಕಡಿಮೆ. 10 ಸೆಂ.ಮೀ. ಬಾಯಿಗೆ ಗೋಪುರ 90 ಮಿ.ಲೀ. ಅಂತ ಹೇಳಿದ್ದೆನಲ್ಲ. ಚಿಕ್ಕ ಸೇರಿಗೆ ಗೋಪುರ ಕಟ್ಟಿ ಕೊಟ್ಟರೂ 1010. ದೊಡ್ಡದನ್ನು ಮಟ್ಟ ಮಾಡಿದ್ದಕ್ಕಿಂತ 50 ಮಿ.ಲೀ. ಕಡಿಮೆಯೇ. ಕಣ್ಣಿಗೆ ಮಾತ್ರ ತುಂಬಿ ತುಳುಕಿದ ಹಾಗೆ ಕಾಣುತ್ತದೆ.

ಇದು ಕೊಡಗಿನ ಕಥೆ ಮಾತ್ರ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ದ್ರೋಣ ಅನ್ನುವ ಅಳತೆಗೆ ನಾಲ್ಕು ಗಾತ್ರ ಇದೆ. ಅರಮನೆಗೆ ಬರುವ ಧಾನ್ಯ ಅಳೆಯುವ ದ್ರೋಣ 200 ಪಲ (ಪಲ ಅಂದರೆ ಆಗಿನ ತೂಕ). ವ್ಯಾಪಾರದ್ದು 187½. ಆಳುಕಾಳುಗಳಿಗೆ ಕೊಡುವುದು 175. ಅಂತಃಪುರಕ್ಕೆ ಕೊಡುವುದು 162½. ಬರುವುದಕ್ಕೂ ಆಳಿಗೆ ಕೊಡುವುದಕ್ಕೂ ನೂರಕ್ಕೆ ಹನ್ನೆರಡೂವರೆ ವ್ಯತ್ಯಾಸ. ಇಲಿಯವರ ಅಟ್ಟದಲ್ಲಿ 13! ಅಲ್ಲಿ ಅದು ಬರೆದಿಟ್ಟ ನಿಯಮ, ಎಲ್ಲರಿಗೂ ಗೊತ್ತಿದ್ದದ್ದು. ಇಲ್ಲಿ ಎರಡು ಪಾತ್ರೆಯ ಹೊರಮೈ ಒಂದೇ. ಅದು ನನಗೆ ಜಾಸ್ತಿ ಕಾಡುತ್ತಿದೆ.

ಮರೆನಾಡು ಮಳೆ

ಪುಸ್ತಕದಲ್ಲಿ ಎರಡು ಕಾಲಂ ಇದೆ ಅಂದಮೇಲೆ ಮುಚ್ಚುಮರೆ ಏನೂ ಇರಲಿಲ್ಲ ಅಲ್ವಾ ಮೇಷ್ಟ್ರೇ? ಮುಚ್ಚಿಡುವವರು ಬರೆದಿಡುತ್ತಾರಾ?

ಲೈನ್‌ಮನೆ ಮೊಮ್ಮಗಳು

ಪುಸ್ತಕ ಓದಲು ಬರುತ್ತಿದ್ದವರು ಯಾರು ಅಣ್ಣ?

ಸೋಮವಾರಪೇಟೆ ಸಂತೆ

ಇದಕ್ಕೇ ಸರಕಾರ ಸೀಲು ಹೊಡೆಯಲು ಶುರು ಮಾಡಿದ್ದು. 1956ರಲ್ಲಿ ತೂಕ ಅಳತೆ ಕಾಯ್ದೆ ಬಂತು. ಅದೇ ವರ್ಷ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ ಏಪ್ರಿಲ್‌ನಲ್ಲಿ ಆಣೆ ಹೋಗಿ ನಯಾ ಪೈಸೆ. 1958ರ ಅಕ್ಟೋಬರ್‌ನಿಂದ ಕೇಜಿ ಬಟ್ಟು ಬಂತು, 1962ರ ಏಪ್ರಿಲ್ ಹೊತ್ತಿಗೆ ಹಳೆ ತೂಕ ಬಂದ್. ಆರು ವರ್ಷದಲ್ಲಿ ರಾಜ್ಯ, ದುಡ್ಡು, ತೂಕ ಮೂರೂ ಬದಲು. ನಮ್ಮಜ್ಜಿ ಸಾಯುವವರೆಗೂ ಕೇಜಿಯನ್ನು ನಂಬಲಿಲ್ಲ. ‘ಕೇಜಿ ಕಣ್ಣಿಗೆ ಕಾಣಲ್ಲ, ಸೇರು ಕಾಣುತ್ತೆ’ ಅನ್ನುತ್ತಿದ್ದರು. ಈಗ ಈ ಚರ್ಚೆ ಓದಿದ ಮೇಲೆ ಅಜ್ಜಿಯ ಮಾತೂ ಪೂರ್ತಿ ಸರಿ ಅನ್ನಿಸುತ್ತಿಲ್ಲ.

ಹಾಗಂತ ತೂಕಕ್ಕೆ ಮೋಸ ಇಲ್ಲ ಅಂತಲ್ಲ. ಭತ್ತ ಒದ್ದೆ ಇದ್ದರೆ ತೂಕ ಜಾಸ್ತಿ. ಅದಕ್ಕೇ ಈಗ ಖರೀದಿ ಕೇಂದ್ರದಲ್ಲಿ ತೇವಾಂಶ ನೋಡುವ ಮಿಷನ್ನು, ನೂರಕ್ಕೆ 17 ದಾಟಿದರೆ ವಾಪಸ್. ಮೋಸ ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆ ಕೂತಿದೆ.

ಸಂಪಾಜೆ ಘಾಟಿ

ಮಧ್ಯೆ ಬಾಯಿ ಹಾಕುತ್ತೇನೆ. ಧಾನ್ಯ ಅಳೆಯುವಾಗ ಮೊದಲನೆಯದಕ್ಕೆ ‘ಒಂದು’ ಅನ್ನದೆ ‘ಲಾಭ’ ಅಂತ ಎಣಿಸುವುದು ನಿಮ್ಮ ಕಡೆ ಇತ್ತಾ?

ಸೋಮವಾರಪೇಟೆ ಸಂತೆ

ಇತ್ತು. ಲಾಭ, ಎರಡು, ಮೂರು. ನಾನು ಚಿಕ್ಕವನಿದ್ದಾಗ ಶಾಲೆಯಲ್ಲೂ ಹಾಗೇ ಎಣಿಸಿ ಮೇಷ್ಟ್ರ ಕೈಯಲ್ಲಿ ಏಟು ತಿಂದಿದ್ದೇನೆ.

ಪಾಪುಟ್ಟು ಪ್ರಿಯೆ

ನಮ್ಮಲ್ಲಿ ಹುತ್ತರಿ ದಿನ ಕದಿರು ಕೊಯ್ಯುವಾಗ ‘ಪೊಲಿ ಪೊಲಿ ದೇವಾ’ ಅಂತ ಕೂಗುತ್ತೇವಲ್ಲ, ಪೊಲಿ ಅಂದರೂ ಹೆಚ್ಚಲಿ ಅಂತಲೇ. ತುಳುವಿನವರೂ ಪೊಲಿ ಅನ್ನುತ್ತಾರೆ. ಎಲ್ಲರಿಗೂ ಬೇಕಾದದ್ದು ಹೆಚ್ಚೇ. ಯಾರ ಸೇರಿನಲ್ಲಿ ಅನ್ನುವುದು ಬೇರೆ ಮಾತು.

ಪತ್ತಾಯದ ಇಲಿ

ಮೂರು ದಿನ ಬರೆಯಲಿಲ್ಲ, ಕ್ಷಮಿಸಿ. ಮನೆಯಲ್ಲಿ ಹೇಳಿದೆ. ಚಿಕ್ಕಪ್ಪ ಮೊದಲು ಸಿಟ್ಟಾದರು, ‘ತಾತನ ಮರ್ಯಾದೆ ಊರೆಲ್ಲ ಹರಾಜು ಹಾಕ್ತೀಯಾ’ ಅಂತ. ಆಮೇಲೆ ಅವರೇ ಎದ್ದು ಹೋಗಿ ಹುಣಸೆಹಣ್ಣು ಬೂದಿ ತಂದು ಎರಡೂ ಸೇರನ್ನು ಉಜ್ಜಲು ಕೂತರು. ಕಪ್ಪು ಹೋಗಿ ಹಳದಿ ಬಂತು. ಚಿಕ್ಕ ಸೇರಿನ ಒಳಗೆ ಬೆರಳಾಡಿಸಿ ಸುಮ್ಮನಾದರು. ನನ್ನ ಕೈಗೆ ಕೊಟ್ಟರು.

ಒಳಗೆ ತಳದ ಸುತ್ತ ಬೆಸುಗೆಯ ಗೆರೆ ಇದೆ. ಬೆರಳಿಗೆ ಒರಟಾಗಿ ತಾಗುತ್ತದೆ. ದೊಡ್ಡದರಲ್ಲಿ ಅಂಥದ್ದಿಲ್ಲ. ಹೊರಗಿನಿಂದ ತಳ ತಟ್ಟಿದರೆ ದೊಡ್ಡದು ಟಣ್ ಅನ್ನುತ್ತದೆ, ಚಿಕ್ಕದು ಡಬ್ ಅನ್ನುತ್ತದೆ. ಸ್ಕೇಲು ಇಳಿಸಿ ನೋಡಿದೆವು. ಚಿಕ್ಕದರ ಆಳ ಒಂದೂಮುಕ್ಕಾಲು ಸೆಂಟಿಮೀಟರ್ ಕಡಿಮೆ.

ಗೋಣಿಕೊಪ್ಪದ ಗೋಣಿ

ತಳ ಸೋರಿ ಹಾಕಿದ ತೇಪೆ ಇರಬಹುದಲ್ವಾ? ಹಳೆ ಪಾತ್ರೆ, ತಳ ತೂತಾಗುವುದು ಸಹಜ.

ಲೆಕ್ಕದ ಮೇಷ್ಟ್ರು

ತೇಪೆ ತಳಕ್ಕೆ ಅಂಟಿಕೊಂಡು ಕೂರಬೇಕು. ಮಧ್ಯೆ ಒಂದೂಮುಕ್ಕಾಲು ಸೆಂಟಿಮೀಟರ್ ಗಾಳಿ ಯಾಕೆ? ಅಲ್ಲದೆ ಭತ್ತ ಅಳೆಯುವ ಪಾತ್ರೆಗೆ ಸೋರಿದರೆ ಏನಾಗುತ್ತದೆ?

ಲೈನ್‌ಮನೆ ಮೊಮ್ಮಗಳು

ಇಲಿಯವರೇ, ಅಳೆದದ್ದಕ್ಕೆ, ಬಂದು ಹೇಳಿದ್ದಕ್ಕೆ ಥ್ಯಾಂಕ್ಸ್. ಅಜ್ಜಿಗೆ ಈಗ ಕಿವಿ ಕೇಳುವುದಿಲ್ಲ. ಎರಡು ಸೇರಿನ ಫೋಟೋ ಪಕ್ಕ ಪಕ್ಕ ಇಟ್ಟು ತೆಗೆದು ಹಾಕಿ, ತೋರಿಸುತ್ತೇನೆ.

ಪತ್ತಾಯದ ಇಲಿ

ನಾಳೆ ಬೆಳಗ್ಗೆ ಬೆಳಕು ಬಂದ ಮೇಲೆ ತೆಗೆದು ಹಾಕುತ್ತೇನೆ ಅಕ್ಕ.

ಗೋಣಿ ಅಣ್ಣ ತೇಪೆ ಅಂದಿದ್ದಕ್ಕೆ ಪುಸ್ತಕ ಇನ್ನೊಮ್ಮೆ ಪೂರ್ತಿ ತಿರುವಿದೆ. ಖರ್ಚಿನ ಪುಟದಲ್ಲಿ, ಉಪ್ಪು ಮತ್ತು ಎತ್ತಿನ ಲಾಳದ ನಡುವೆ, ಒಂದು ಸಾಲು ಸಿಕ್ಕಿತು. ‘ಆ.ಸೇ.ಗೆ ಒಳ ತಳ ಹಾಕಿಸಿದ್ದು, 6 ಆಣೆ.’ ತಾತನ ಅಕ್ಷರವೇ.